ಮದುಮಗನ ಕಾರು

ಕಾರು ಬಂದು ಏಳು ತಿಂಗಳಾದರೂ ಜನ ಕೇಳುವ ಪ್ರಶ್ನೆ ಒಂದೇ: "ಹೆಂಗೈತ್ರಿ ಗಾಡಿ?" ಹಡಗಲಿಯ ಬಸ್ ನಿಲ್ದಾಣದ ಹತ್ತಿರ ಕೇಳುತ್ತಾರೆ. ಕೊಟ್ಟೂರಿನಲ್ಲಿ ಮಂಡಕ್ಕಿ ಅಂಗಡಿಯ ಮುಂದೆ ನಿಲ್ಲಿಸಿದರೆ ಅಲ್ಲೂ ಕೇಳುತ್ತಾರೆ. ಚಲೋ ಐತ್ರಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ನಿಜವಾಗಿ ಹೇಗಿದೆ ಎಂದು ಹೇಳಲು ಹೊರಟರೆ ಉದ್ದಕ್ಕೆ ಹೇಳಬೇಕಾಗುತ್ತದೆ, ದಾರಿಯಲ್ಲಿ ನಿಂತು ಕೇಳುವವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ನಾನು ಹೈಸ್ಕೂಲಿನಿಂದಲೂ ದಿನಚರಿ ಬರೆಯುವವಳು. ಮಳೆ ಯಾವತ್ತು ಬಂತು, ಯಾವ ತೋಟದ ಮೊಗ್ಗು ಬೇಗ ಬಿರಿಯಿತು, ಕರೆಂಟು ಎಷ್ಟು ಹೊತ್ತು ಹೋಗಿತ್ತು ಎಂಬುದನ್ನೆಲ್ಲ ಬರೆದಿಡದಿದ್ದರೆ ನಿದ್ದೆ ಹತ್ತುವುದಿಲ್ಲ. ಕಾರು ಬಂದ ದಿನ ಅದಕ್ಕೆಂದೇ ಕೊನೆಯ ಪುಟಗಳನ್ನು ಬಿಟ್ಟೆ. ತಾರೀಖು, ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರು, ಕಾರಿನ ಹೊಟ್ಟೆ ಎಷ್ಟು ಸಲ ನೆಲಕ್ಕೆ ತಾಗಿತು, ಓಡಿಸಿದವರು ಯಾರು. ಗೆರೆ ಎಳೆದ ಕೊನೆಯ ಕಾಲಮಿನಲ್ಲಿ ಬರೆಯಬೇಕಾದದ್ದು ಅಪ್ಪನ ಹೆಸರು. ಈವರೆಗೆ ಎಲ್ಲ ಸಾಲಿನಲ್ಲೂ ನನ್ನದೇ ಇದೆ.

ಅಪ್ಪನದು ಮಲ್ಲಿಗೆ ವ್ಯಾಪಾರ. ಮೂವತ್ತು ವರ್ಷ ಸುತ್ತಲಿನ ಹಳ್ಳಿಗಳ ತೋಟದಿಂದ ಮೊಗ್ಗು ಎತ್ತಿ, ಒದ್ದೆ ಬಟ್ಟೆ ಹಾಸಿದ ಬುಟ್ಟಿಗಳಲ್ಲಿ ತುಂಬಿ, ಟೆಂಪೊದಲ್ಲಿ ಹರಪನಹಳ್ಳಿಯ ಮೇಲಿಂದ ದಾವಣಗೆರೆಗೆ ಒಯ್ದರು. ಮೊಗ್ಗು ಬಿರಿಯುವುದರೊಳಗೆ ಮುಟ್ಟಬೇಕು, ಬಿರಿದರೆ ಕೇಳುವವರಿಲ್ಲ. ಹಾಗಾಗಿ ಅಪ್ಪನಿಗೆ ನಿಧಾನವಾಗಿ ಓಡಿಸುವುದೇ ಗೊತ್ತಿರಲಿಲ್ಲ. ಆ ಟೆಂಪೊದ ಸ್ಪೀಡ್ ಮೀಟರು ಮೊದಲ ವರ್ಷವೇ ನಿಂತುಹೋಗಿತ್ತಂತೆ. ಬುಟ್ಟಿಗಳ ಮೇಲೆ ಬಿಗಿದ ಹಗ್ಗ ಗಾಳಿಗೆ ಮಾಡುವ ಸದ್ದಿನ ಮೇಲೇ ಅವರು ವೇಗ ಹೇಳುತ್ತಿದ್ದರು. ಚಿಕ್ಕವಳಿದ್ದಾಗ ನಾನು ಪಕ್ಕದಲ್ಲಿ ಕುಳಿತು "ಈಗ ಎಷ್ಟಪ್ಪಾ?" ಎಂದು ಕೇಳುತ್ತಿದ್ದೆ. "ಅರವತ್ತು," "ಈಗ ಎಂಬತ್ತು," ಎನ್ನುತ್ತಿದ್ದರು. ಸರಿಯೋ ತಪ್ಪೋ ನೋಡಲು ಮೀಟರೇ ಇರಲಿಲ್ಲ.

ಈಗ ಟೆಂಪೊ ಅಣ್ಣನ ಕೈಯಲ್ಲಿದೆ. ಹೋದ ಚಳಿಗಾಲದಲ್ಲಿ ಅಪ್ಪ ಒಳಗೆ ಹೊರಗೆ ಓಡಾಡುವಾಗ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳತೊಡಗಿದರು. ಎಡಕ್ಕೆ ಇಟ್ಟ ಚಹಾ ಲೋಟ ಕಾಣದೆ ಕೈ ತಾಗಿಸಿ ಚೆಲ್ಲಿದರು. ದಾವಣಗೆರೆಯ ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದವಳು ನಾನು. ಕಣ್ಣಿನ ಒಳಗಿನ ಒತ್ತಡದಿಂದ ನರ ಸವೆದಿದೆ, ಪಕ್ಕದ ನೋಟ ಹೋಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಹನಿ ಹಾಕಿ ಉಳಿದದ್ದನ್ನು ಕಾಪಾಡಬಹುದು ಎಂದರು. ಅಪ್ಪ ಕೇಳಿದ್ದು ಒಂದೇ ಮಾತು: "ಗಾಡಿ ಹೊಡಿಬೌದೇನ್ರಿ?" ಬೆಳಕಿರುವಾಗ, ಖಾಲಿ ರಸ್ತೆಯಲ್ಲಿ, ಆರು ತಿಂಗಳ ನಂತರದ ಪರೀಕ್ಷೆಯ ತನಕ ಪರವಾಗಿಲ್ಲ, ಆಮೇಲೆ ಹೇಳಲಾಗದು ಎಂದರು ಡಾಕ್ಟರು.

ಬಸ್ಸಿನಲ್ಲಿ ಬರುವಾಗ ಹರಪನಹಳ್ಳಿ ದಾಟಿದ ಮೇಲೆ ಅಪ್ಪ, "ನಿಮ್ಮವ್ವಗ ಹೇಳಬ್ಯಾಡ. ನಿಮ್ಮಣ್ಣಗೂ ಬ್ಯಾಡ," ಎಂದರು. ಕಿಟಕಿಯ ಕಡೆ ತಿರುಗಿ, "ಒಂದು ಚಲೋ ಗಾಡಿ ತಗೊಂಡು ಕೂಡ್ಲಿಗಿ ಹೈವೇದಾಗ ಒಮ್ಮಿ ಹೊಡೀಬೇಕವ್ವ. ಬುಟ್ಟಿ ಇಲ್ಲದ, ಅವಸರ ಇಲ್ಲದ, ಸುಮ್ನ," ಎಂದರು.

ಆ ತಿಂಗಳ ಕೊನೆಗೇ ಕಾರು ಮನೆಗೆ ಬಂತು. ಕಪ್ಪು ಬಣ್ಣ, ಉದ್ದ, ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗು. ಷೋರೂಮಿನಿಂದ ಹೊರಡುವಾಗಲೇ ಸಂಜೆಯಾಗಿದ್ದರಿಂದ ನಾನೇ ಓಡಿಸಿಕೊಂಡು ಬಂದೆ. ಊರವರಿಗೆ ಅದು ಅಪ್ಪನ ದೌಲತ್ತು. ಅಣ್ಣನಿಗೆ ಅಪ್ಪನ ಹುಚ್ಚು. ಅವ್ವ ಆರತಿ ಮಾಡಿ, ನಿಂಬೆಹಣ್ಣು ಇಟ್ಟು, ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳಲು ಹೋಗಿ ಅರ್ಧಕ್ಕೇ ನಿಂತಳು.

"ಇದರಾಗ ಕುಂಡ್ರೂದಲ್ಲ, ಬೀಳೂದು," ಎಂದಳು. "ಇಳ್ಯಾಕ ಮತ್ತ ಇಬ್ಬರು ಬೇಕು."

"ನಿನಗಲ್ಲ ಬಿಡ ಅದು," ಎಂದರು ಅಪ್ಪ.

"ಮತ್ತ್ಯಾರಿಗೆ? ಹೊಸ ಹೇಣ್ತಿ ತರಾವ್ರೇನು?"

ಕಾರಿನ ಬಗ್ಗೆ ಮೊದಲ ವಾರ ನಾನು ಬರೆದ ಟಿಪ್ಪಣಿಗಳನ್ನು ಈಗ ಓದಿದರೆ ಬೇರೆ ಯಾರೋ ಬರೆದಂತೆ ಕಾಣುತ್ತದೆ. ಸೀಟು ಬೆನ್ನನ್ನು ಹಿಡಿದುಕೊಳ್ಳುತ್ತದೆ. ಸ್ಟೇರಿಂಗ್ ಎರಡು ಬೆರಳಿಗೆ ತಿರುಗುತ್ತದೆ. ಕಿಟಕಿ ಏರಿಸಿದರೆ ಸಂತೆಯೂ ಕೇಳಿಸುವುದಿಲ್ಲ. ಕಾಲು ಸ್ವಲ್ಪ ಒತ್ತಿದರೂ ಕಾರು ಮುಂದಕ್ಕೆ ಹಾರುತ್ತದೆ, ಹಾರಿದ ಕೂಡಲೇ ಬ್ರೇಕು, ಏಕೆಂದರೆ ಮುಂದೆ ರಸ್ತೆಗೆ ಅಡ್ಡ ಹಂಪು. ನಮ್ಮ ಮನೆಯಿಂದ ಹಗರಿಬೊಮ್ಮನಹಳ್ಳಿಯ ತನಕ ಇರುವ ಹಂಪುಗಳನ್ನು ಎಣಿಸಿ ಬರೆದಿದ್ದೇನೆ, ಇಪ್ಪತ್ತೇಳು. ಸರ್ಕಾರದವು ಕಡಿಮೆ, ಜನ ತಾವೇ ಮಣ್ಣು ಕಲ್ಲು ಹಾಕಿ ಕಟ್ಟಿಕೊಂಡವು ಹೆಚ್ಚು. ಒಂದೊಂದನ್ನೂ ಓರೆಯಾಗಿ, ಒಂದು ಗಾಲಿ ಆದ ಮೇಲೆ ಇನ್ನೊಂದು ಗಾಲಿ ಹತ್ತಿಸಿ ದಾಟಿಸಬೇಕು. ಆದರೂ ಕೆಳಗಿನಿಂದ ಕರ್ ಎಂದು ಸದ್ದು ಬರುತ್ತದೆ. ಆ ಸದ್ದಿಗೆ ನಾನು ಹಲ್ಲು ಕಚ್ಚುವುದು ಊರಿಗೆಲ್ಲ ಗೊತ್ತಾಗಿಬಿಟ್ಟಿತ್ತು.

ಕೂಡ್ಲಿಗಿಯ ಹೈವೇಗೆ ಯಾವ ಬೆಳಗ್ಗೆ ಹೋಗುವುದು ಎಂದು ನಾನೂ ಅಪ್ಪನೂ ನಿಶ್ಚಯಿಸುವ ಮೊದಲೇ ಮದುವೆಗಳು ಶುರುವಾದವು.

ನಮ್ಮ ಕಡೆ ಮದುವೆಗೆ ಕಾರು ಕೇಳುವುದು ಬಾಯಿಮಾತಿನಲ್ಲಿ ಅಲ್ಲ. ಲಗ್ನಪತ್ರಿಕೆ, ಅದರ ಮೇಲೆ ಎಲೆ ಅಡಿಕೆ ಇಟ್ಟು ಕೈಗೆ ಕೊಡುತ್ತಾರೆ. ಕೈ ಒಡ್ಡಿದೆವೆಂದರೆ ಒಪ್ಪಿದಂತೆ. ಎಲೆ ಅಡಿಕೆಯನ್ನು ತಿರುಗಿಸಿ ಕೊಟ್ಟವರ ಮನೆ ಹಡಗಲಿಯಲ್ಲಿ ಇಲ್ಲ. ಕೇಳಿ ಬರುತ್ತಿದ್ದವರೆಲ್ಲ ಮೂವತ್ತು ವರ್ಷ ಅಪ್ಪನಿಗೇ ಮೊಗ್ಗು ಕೊಟ್ಟ ತೋಟದವರು, ಬೇರೆ ವ್ಯಾಪಾರಿ ಬಂದು ಕರೆದರೂ ಹೋಗದವರು. "ಸಾವ್ಕಾರ್ರ, ಹುಡುಗ ನಿಮ್ಮ ಗಾಡ್ಯಾಗ ಮೆರವಣಿಗಿ ಹೋಗಬೇಕು ಅಂತ ಹಟ ಹಿಡದಾನ್ರಿ," ಎಂದು ನಿಂತರೆ ಅಪ್ಪ ಕೈ ಒಡ್ಡುತ್ತಿದ್ದರು. ಬಾಡಿಗೆಯ ಮಾತು ಇಬ್ಬರೂ ಎತ್ತುವುದಿಲ್ಲ. ಓಡಿಸಲು ಮಾತ್ರ ಹೊರಗಿನವರಿಗೆ ಕೊಡುವಂತಿಲ್ಲ, ಅಣ್ಣನಿಗೆ ಹೂವಿನ ಟೆಂಪೊ. ಉಳಿದವಳು ನಾನು.

ಹೀಗೆ, ಗಂಟೆಗೆ ಇನ್ನೂರು ಕಿಲೋಮೀಟರು ಓಡಲೆಂದು ಕಟ್ಟಿದ ಗಾಡಿಯನ್ನು ಫೆಬ್ರುವರಿಯಿಂದ ಮೇ ತನಕ ನಾನು ಬ್ಯಾಂಡಿನ ಹಿಂದೆ ನಡಿಗೆಯ ವೇಗದಲ್ಲಿ ಓಡಿಸಿದೆ. ಹತ್ತೊಂಬತ್ತು ಮದುವೆ. ನಮ್ಮದೇ ಮಲ್ಲಿಗೆಯ ದಂಡೆಗಳನ್ನು ಬಾನೆಟ್ಟಿನ ಮೇಲೆ ಟೇಪು ಹಚ್ಚಿ ಅಂಟಿಸುತ್ತಿದ್ದರು. ಹೂವು ಮುಂದಿನ ಸೆನ್ಸರ್ ಮುಚ್ಚಿದರೆ ಕಾರು ಒಂದೇ ಸಮ ಕೂಗುತ್ತಿತ್ತು. ಕುಣಿಯುವವರು ಹತ್ತಿರ ಬಂದಷ್ಟೂ ಇನ್ನೂ ಜೋರಾಗಿ ಕೂಗುತ್ತಿತ್ತು. ಡೊಳ್ಳು ಹೊರಗೆ, ಈ ಕೂಗು ಒಳಗೆ. ಹರಪನಹಳ್ಳಿಯ ಒಂದು ಮೆರವಣಿಗೆಯಲ್ಲಿ ಮದುಮಗನ ಗೆಳೆಯನೊಬ್ಬ ಕುಣಿಯುತ್ತ ಬಂಪರಿನ ಮುಂದೆಯೇ ಜಿಗಿದ. ಕಾರು ತನ್ನಷ್ಟಕ್ಕೆ ತಾನೇ ಬ್ರೇಕು ಹಾಕಿತು. ಹಿಂದೆ ಕುಳಿತ ಮದುಮಗ ಮುಂದಕ್ಕೆ ಬಿದ್ದು, ಅವನ ಬಾಸಿಂಗ ನನ್ನ ಸೀಟಿಗೆ ಬಡಿದು ಒಂದು ಮಣಿ ಸಾಲು ಹರಿಯಿತು.

"ಯಾಕವ್ವ, ಈಗಿಂದನ ಬಗ್ಗಿಸ್ತೀಯೇನು ನಮ್ಮ ಹುಡುಗನ್ನ?" ಎಂದು ಹೊರಗಿನಿಂದ ಕಿಟಕಿಗೆ ಬಾಗಿ ಕೇಳಿದಳು ಅವನ ಸೋದರತ್ತೆ.

"ನಾನಲ್ರೀ, ಗಾಡಿನ ಹಾಕಿದ್ದು."

"ಗಾಡಿಗೂ ಬುದ್ಧಿ ಐತಿ ಹಂಗಾದ್ರ. ಇರ್ಲಿ, ಎಲ್ಲಾರ ಮದಿವಿಗೆ ನೀ ಹೊಡೀತೀ, ನಿನ್ನ ಮದಿವಿಗೆ ಯಾರು ಹೊಡಿಯೋರು?"

ಕಿಟಕಿ ಏರಿಸಿದೆ. ಏನೂ ಕೇಳಿಸಲಿಲ್ಲ. ಆ ಗಾಡಿಯ ನಿಜವಾದ ಸುಖ ಅದೊಂದೇ ಎಂದು ಆ ರಾತ್ರಿ ಬರೆದಿದ್ದೇನೆ.

ಮದುವೆ ಇಲ್ಲದ ದಿನ ಟೇಪಿನ ಅಂಟು ತೆಗೆಯುವುದು, ಸೀಟಿನ ಸಂದಿನಿಂದ ಅಕ್ಷತೆ ಆರಿಸುವುದು. ಅಪ್ಪ ಹೊರಗೆ ಕುರ್ಚಿ ಹಾಕಿಕೊಂಡು ನೋಡುತ್ತ ಕೂರುತ್ತಿದ್ದರು. "ನಾಳಿಗೆ ಹೋಗೂಣೇನು?" ಎನ್ನುತ್ತಿದ್ದರು. ನಾಳೆಗೆ ಒಂದು ಪತ್ರಿಕೆ ಇರುತ್ತಿತ್ತು, ಅದನ್ನು ತಾವೇ ಕೈ ಒಡ್ಡಿ ತೆಗೆದುಕೊಂಡದ್ದು ಅವರಿಗೂ ನೆನಪಿರುತ್ತಿತ್ತು. ಒಮ್ಮೆ ನಾನು ಸಿಟ್ಟಾಗಿ, "ಒಬ್ಬರಿಗಾದ್ರೂ ಇಲ್ಲ ಅನ್ನಪ್ಪ, ಆರು ತಿಂಗಳು ಮುಗೀತಾ ಬಂತು," ಎಂದೆ. "ಅವರು ನನಗೆ ಒಂದು ದಿನನೂ ಇಲ್ಲ ಅಂದಿಲ್ಲವ್ವ," ಎಂದರು. ಅಂಟು ತಿಕ್ಕುತ್ತ ಉಳಿದೆ.

ಮೇ ಕೊನೆಯಲ್ಲಿ ಕೋಗಳಿ ಕಡೆಯ ಒಂದು ಹಳ್ಳಿಯಲ್ಲಿ ಮದುವೆ ಬಂತು. ಅಪ್ಪನಿಗೆ ಮೊಟ್ಟಮೊದಲು ಮೊಗ್ಗು ಕೊಟ್ಟ ರೈತನ ಮಗನದು. ರೈತ ಅಪ್ಪನ ವಯಸ್ಸಿನವರೇ, ದೊಡ್ಡ ದನಿ, ದೊಡ್ಡ ಕೈ. ಆ ಸಲ ಅಪ್ಪನೂ ಬಂದರು. ರಾತ್ರಿ ಅವರ ಮನೆಯಲ್ಲೇ ಉಳಿದು, ಬೆಳಕು ಹರಿಯುತ್ತಲೇ ಅಲ್ಲಿಂದ ನೇರ ಕೂಡ್ಲಿಗಿಗೆ ಹೋಗುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಹೈವೇ ಮುಟ್ಟುವ ತನಕ ನಾನು, ಹೈವೇಯಲ್ಲಿ ಅಪ್ಪ. ಸೀಸನ್ನಿನ ಕೊನೆಯ ಮದುವೆ ಅದು. ಪರೀಕ್ಷೆಗೆ ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಸಮಯವಿತ್ತು. ಅಪ್ಪ ಹೊಸ ಅಂಗಿ ತಂದಿಟ್ಟುಕೊಂಡಿದ್ದರು, ಮದುವೆಗಲ್ಲ, ಮಾರನೆಯ ಬೆಳಗಿಗೆ.

ಮೆರವಣಿಗೆ ಮುಗಿದು ಊಟಕ್ಕೆ ಕುಳಿತಾಗ ನಾನು ರೈತನಿಗೆ ಹೇಳಿದೆ: "ಪೆಟ್ರೋಲ್ ಕಾಲು ಭಾಗ ಐತ್ರಿ ಕಾಕಾ, ಮುಂಜಾನೆ ಬಂಕಿಗೆ ಹೋಗಿ ಹಾಕಿಸ್ಕೊಂಡು ಹೋಗ್ತೀವಿ." ಗದ್ದಲದಲ್ಲಿ ಅವರಿಗೆ ಎಷ್ಟು ಕೇಳಿಸಿತೋ. "ಬಂಕಿಗ್ಯಾಕ, ನಾ ಇಲ್ಲೇನು?" ಎಂದು ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ನಮ್ಮ ಕಡೆ ಕೇಳಿ ತಂದ ಗಾಡಿಯನ್ನು ಬರಿ ಟ್ಯಾಂಕಿನಲ್ಲಿ ತಿರುಗಿ ಕಳಿಸುವುದಿಲ್ಲ. ನಾನು ತುಪ್ಪ ಬೇಡವೆಂದು ಕೈ ಅಡ್ಡ ಹಿಡಿಯುತ್ತ ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಬೆಳಗ್ಗೆ ಚಹಾ ಕುಡಿದು ಹೊರಟಾಗ ಅವರು ಕಾರಿನ ಪಕ್ಕ ನಿಂತಿದ್ದರು, ರಾತ್ರಿ ನಾನು ಗೂಟಕ್ಕೆ ಹಾಕಿದ್ದ ಕೀ ಅವರ ಕೈಯಲ್ಲಿತ್ತು.

"ಟಾಕಿ ತುಂಬ್ಸೀನವ್ವ," ಎಂದರು. "ಬಂಕಿನ ದಾರ್ಯಾಗ ಐದಾರು ಹಂಪು ಅದಾವು. ನಿನ್ನಿ ಗಾಡಿ ಹೊಟ್ಟಿ ಕರ್ ಅಂದ್ರ ನಿನ್ನ ಮಾರಿ ನೋಡಾಕಾಗ್ಲಿಲ್ಲ ನನಗ. ಅದಕ್ಕ ಗಾಡಿ ಅಲ್ಲಾಡಿಸ್ಲೇ ಇಲ್ಲ, ಇಲ್ಲೇ ಕ್ಯಾನಿನಿಂದ ಹುಯ್ಸೀನಿ."

ಮುಳ್ಳು ಪೂರ್ತಿ ಮೇಲಿತ್ತು. ನನಗೆ ಸಂತೋಷವೇ ಆಯಿತು. ಅಪ್ಪ ಅವರ ಕೈ ಹಿಡಿದು ಅಲ್ಲಾಡಿಸಿ ಒಳಗೆ ಕುಳಿತರು.

ಊರು ದಾಟಿ ಏಳೆಂಟು ಕಿಲೋಮೀಟರು ಹೋಗಿರಬೇಕು. ಕಾರು ಒಮ್ಮೆ ಕೆಮ್ಮಿದ ಹಾಗೆ ಜಗ್ಗಿತು. ಇನ್ನೊಮ್ಮೆ ಜಗ್ಗಿತು. ಕಾಲು ಒತ್ತಿದರೂ ಓಡಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ಬಿಳಿ ಹೊಗೆ. ಮೀಟರಿನ ಮೇಲೆ ಹಳದಿ ದೀಪ, ಆಮೇಲೆ ಕೆಂಪು ದೀಪ, ಆಮೇಲೆ ಸದ್ದೇ ಇಲ್ಲ. ಒಂದು ಸಣ್ಣ ಸೇತುವೆಯ ಹತ್ತಿರ ತಂದು ನಿಲ್ಲಿಸಿದೆ.

ಅಪ್ಪ ಇಳಿದು, ಕಾರಿನ ಮೇಲೆ ಕೈ ಆಡಿಸುತ್ತ ಹಿಂದಕ್ಕೆ ಹೋಗಿ, ಟ್ಯಾಂಕಿನ ಮುಚ್ಚಳ ತೆಗೆಸಿ ಮೂಗು ಹತ್ತಿರ ತಂದರು. ಮೂವತ್ತು ವರ್ಷ ಅದೇ ವಾಸನೆಯಲ್ಲಿ ಬದುಕಿದವರು.

"ಡೀಸೆಲ್," ಎಂದರು.

ಆ ಮನೆಯಲ್ಲಿ ಟ್ರ್ಯಾಕ್ಟರು ಡೀಸೆಲ್ಲು, ಹೊಲದ ಎಂಜಿನ್ನು ಡೀಸೆಲ್ಲು, ಅಳಿಯನ ಜೀಪು ಡೀಸೆಲ್ಲು. ಪೆಟ್ರೋಲು ಎಂದರೆ ಅಲ್ಲಿ ಬೈಕಿಗೆ ಹಾಕುವುದು. ಇಷ್ಟು ದೊಡ್ಡ ಗಾಡಿ ಬೈಕಿಗೆ ಹಾಕುವುದನ್ನು ಕುಡಿಯುತ್ತದೆ ಎಂದು ಯಾರಿಗೆ ಹೊಳೆಯಬೇಕು? ಮುಚ್ಚಳದ ಒಳಗೆ ಬರೆದಿದೆ, ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ. ಮಗನ ಮದುವೆ ಮುಗಿಸಿ ದಣಿದಿದ್ದ ಮನುಷ್ಯ ಎಲ್ಲರಿಗಿಂತ ಮೊದಲೇ ಎದ್ದು, ತನ್ನ ಬಿತ್ತನೆಗೆ ಇಟ್ಟುಕೊಂಡ ಡೀಸೆಲ್ಲನ್ನು ಒಂದು ಹನಿ ಚೆಲ್ಲದಂತೆ ಲಾಳಿಕೆ ಇಟ್ಟು ತುಂಬಿಸಿದ್ದರು.

ನಾನು ಸರ್ವೀಸ್ ಸೆಂಟರಿಗೆ ಫೋನು ಮಾಡಿದೆ. ಮತ್ತೆ ಚಾಲೂ ಮಾಡಲೇಬೇಡಿ, ಹೊತ್ತೊಯ್ಯುವ ಗಾಡಿ ಕಳಿಸುತ್ತೇವೆ ಎಂದರು. ಅದು ಬರುವುದಕ್ಕೆ ಮಧ್ಯಾಹ್ನವಾಯಿತು. ಅಷ್ಟು ಹೊತ್ತೂ ಅಪ್ಪ ಹೊಸ ಅಂಗಿಯಲ್ಲಿ ಸೇತುವೆಯ ಕಟ್ಟೆಯ ಮೇಲೆ ಕುಳಿತಿದ್ದರು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬರು ನಿಂತು, "ಗಾಡಿ ಚಲೋ ಐತ್ರಿ. ಯಾಕ ನಿಂತೈತಿ?" ಎಂದು ಕೇಳಿದರು. "ದಣದೈತ್ರಿ," ಎಂದರು ಅಪ್ಪ.

ನಾನು ಅಳುವುದನ್ನು ನೋಡಿ ಹೇಳಿದ್ದು ಇಷ್ಟೇ: "ಪಾಪ, ಉಪಕಾರ ಮಾಡ್ಯಾನ. ಅವಗ ಹೇಳಬ್ಯಾಡವ್ವ. ಕೇಳಿದ್ರ ಜೀವ ಬಿಡ್ತಾನ."

ಕಾರು ಎರಡೂವರೆ ತಿಂಗಳು ದೂರದ ಊರಿನ ವರ್ಕ್‌ಷಾಪಿನಲ್ಲಿತ್ತು. ಟ್ಯಾಂಕು ತೊಳೆದರೆ ಮುಗಿಯಲಿಲ್ಲ. ಪಂಪು ಹೋಗಿತ್ತು, ಇಂಜೆಕ್ಟರುಗಳು ಹೋಗಿದ್ದವು, ಬದಲಿ ಭಾಗ ಹೊರದೇಶದಿಂದ ಬರಬೇಕಿತ್ತು. ಜೂನ್ ಪೂರ್ತಿ ನನ್ನ ಪುಟದಲ್ಲಿ ಒಂದೇ ಮಾತು: ಬಂದಿಲ್ಲ. ಅಣ್ಣ ಟೆಂಪೊ ಒರೆಸುತ್ತ, "ನಂದು ನೋಡ್ರಿ, ಸೀಮೆಎಣ್ಣೆ ಹಾಕಿದ್ರೂ ಓಡತೈತಿ," ಎನ್ನುತ್ತಿದ್ದ. ಅವನಿಗೆ ಕಣ್ಣಿನ ವಿಷಯ ಗೊತ್ತಿರಲಿಲ್ಲವಲ್ಲ, ಬೈಯುವುದಕ್ಕೂ ಬರುವಂತಿರಲಿಲ್ಲ.

ಕೋಗಳಿ ಕಡೆಯ ರೈತ ಒಂದು ದಿನ ಹೊಸ ಸೊಸೆಯನ್ನೂ ಮಗನನ್ನೂ ಕರೆದುಕೊಂಡು ಮನೆಗೆ ಬಂದರು. ಅಂಗಳದಲ್ಲಿ ಕಾರು ಇಲ್ಲದ್ದನ್ನು ನೋಡಿ, "ರಿಪೇರಿಗೆ ಹೋಗೈತಂತ?" ಎಂದರು.

"ಹೂಂ, ಏನೋ ಸಣ್ಣದು," ಎಂದರು ಅಪ್ಪ.

"ಸಾವ್ಕಾರ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ, ಒಂದು ಮಾತು ಹೇಳ್ತೀನಿ. ಮ್ಯಾಲೆ ಥಳಕು ಐತಿ, ಒಳಗ ಗಟ್ಟಿ ಇಲ್ಲ ಆ ಗಾಡಿ. ನನ್ನ ಟ್ರ್ಯಾಕ್ಟರ್ ಹದಿನೆಂಟು ವರ್ಷಾತು, ಒಂದಿನ ನಿಂತಿಲ್ಲ."

"ಖರೆ ಐತಿ ನೀ ಹೇಳೂದು," ಎಂದರು ಅಪ್ಪ. ನಾನು ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಆ ಮಾತು ಆಮೇಲೆ ಹಡಗಲಿಯಿಂದ ಕೊಟ್ಟೂರಿನ ತನಕ ಹಬ್ಬಿತು: ಹೂವಿನ ಸಾವ್ಕಾರ್ರ ಗಾಡಿ ಒಳಗ ಗಟ್ಟಿ ಇಲ್ಲ. ಅಪ್ಪ ಎಲ್ಲಿಯೂ ಬಾಯಿ ಬಿಡಲಿಲ್ಲ.

ಜುಲೈನಲ್ಲಿ ದಾವಣಗೆರೆಗೆ ಬಸ್ಸಿನಲ್ಲೇ ಹೋದೆವು. ಅಪ್ಪ ಒಂದು ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತಬೇಕಿತ್ತು. ಹೊರಗಿನ ಪರದೆಯಲ್ಲಿ ಚುಕ್ಕೆಗಳು ನನಗೆ ಕಾಣುತ್ತಿದ್ದವು. ಎಷ್ಟೋ ಚುಕ್ಕೆಗಳು ಬಂದು ಹೋದವು, ಅಪ್ಪನ ಹೆಬ್ಬೆರಳು ಅಲುಗಲಿಲ್ಲ. ಎಣಿಸುತ್ತಿದ್ದವಳು ನಡುವೆ ನಿಲ್ಲಿಸಿಬಿಟ್ಟೆ. ಡಾಕ್ಟರು, ಇನ್ನು ಗಾಡಿ ಬೇಡ ಎಂದರು. ಅಪ್ಪ ಸರಿ ಎಂದರು.

ಆಗಸ್ಟಿನಲ್ಲಿ ಕಾರು ಬಂತು. ಬಂದ ಎರಡನೆಯ ಬೆಳಗ್ಗೆ ಅಪ್ಪ ಅದೇ ಅಂಗಿ ತೊಟ್ಟು, "ನಡಿಯವ್ವ, ಹೋಗಿ ಬರೂಣು," ಎಂದರು. ಡಾಕ್ಟರ ಮಾತು ನೆನಪಿಸದೆ ಕೀ ತೆಗೆದುಕೊಂಡೆ. ಇಪ್ಪತ್ತೇಳು ಹಂಪುಗಳನ್ನೂ ಓರೆಯಾಗಿ ದಾಟಿಸಿ, ಹಗರಿಬೊಮ್ಮನಹಳ್ಳಿಯ ಮೇಲಿಂದ ಕೂಡ್ಲಿಗಿಯ ಹತ್ತಿರ ಹೈವೇ ಮುಟ್ಟಿದೆವು. ನಾಲ್ಕು ಸಾಲಿನ ರಸ್ತೆ ಬಿಸಿಲಿಗೆ ಬೆಳ್ಳಗೆ ಬಿದ್ದಿತ್ತು. ಆಗೊಂದು ಈಗೊಂದು ಲಾರಿ. ಪಕ್ಕದ ಅಂಚಿಗೆ ನಿಲ್ಲಿಸಿದೆ. ನಾನು ಏನೂ ಹೇಳುವ ಮೊದಲೇ ಅಪ್ಪ ಇಳಿದು, ಕಾರಿಗೆ ಕೈ ತಾಗಿಸಿಕೊಂಡು ಸುತ್ತಿ ಬಂದು, ನನ್ನ ಬಾಗಿಲ ಬಳಿ ನಿಂತರು. ನಾನು ಎಂಜಿನ್ ಆರಿಸಿ, ಇಳಿದು ಜಾಗ ಬಿಟ್ಟೆ.

ಒಳಗೆ ಕುಳಿತು ಸೀಟು ಸರಿಮಾಡಿಕೊಂಡರು. ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದರು. ಟೆಂಪೊ ಹಿಡಿಯುತ್ತಿದ್ದ ಹಾಗೇ, ಬಿಗಿಯಾಗಿ. ನೇರ ಮುಂದೆ ನೋಡಿದರು. ಆಮೇಲೆ ಬಲಗಡೆಯ ಕನ್ನಡಿಯ ಕಡೆ ಕುತ್ತಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಒಂದು ಲಾರಿ ನಮ್ಮನ್ನು ದಾಟಿ ಹೋಯಿತು. ಅದು ಮುಂದೆ ಬಂದು ಕಂಡಾಗ ಅಪ್ಪ ಬೆಚ್ಚಿದರು.

"ಕನ್ನಡಿ ಐತಿ ಅಂತ ಗೊತ್ತು," ಎಂದರು. "ಅದರಾಗ ಏನು ಬರಾಕ ಹತ್ತೈತಿ ಅನ್ನೂದು ಕಾಣವಲ್ದು." ಸ್ಟೇರಿಂಗಿನಿಂದ ಕೈ ತೆಗೆದು, "ಯಾರಿಗಾರ ಬಡದ್ರ," ಎಂದು ತಾವೇ ಇಳಿದರು. ನಾನು ಬೇಡವೆನ್ನಬೇಕಾಗಿ ಬರಲಿಲ್ಲ. ಅದಕ್ಕೆ ಸಮಾಧಾನಪಡಬೇಕೋ ಏನೋ ನನಗೆ ಇವತ್ತಿಗೂ ತಿಳಿದಿಲ್ಲ.

ಜಾಗ ಬದಲಿಸಿಕೊಂಡು ಹೊರಟೆವು. ಕಾರು ಸದ್ದಿಲ್ಲದೆ ಓಡಿತು. ಹಂಪಿಲ್ಲ, ಬ್ಯಾಂಡಿಲ್ಲ, ಕೂಗಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅಪ್ಪ, "ಹೊಂಟೀವೇನು, ನಿಂತೀವೇನು?" ಎಂದು ಕೇಳಿದರು. ಮೊದಲು ತಮಾಷೆ ಎಂದುಕೊಂಡೆ. ಅಲ್ಲ. ಪಕ್ಕದಲ್ಲಿ ಓಡುವ ಗಿಡಮರ ಅವರಿಗೆ ಕಾಣುತ್ತಿರಲಿಲ್ಲ, ಸದ್ದು ಒಳಗೆ ಬರುತ್ತಿರಲಿಲ್ಲ. ಹೋಗುತ್ತಿದ್ದೇವೆ ಎಂದು ತಿಳಿಯಲು ಅವರಿಗೆ ಏನೂ ಉಳಿದಿರಲಿಲ್ಲ.

ನಾನು ಅವರ ಕಡೆಯ ಕಿಟಕಿ ಇಳಿಸಿದೆ. ಗಾಳಿ ಒಳಗೆ ನುಗ್ಗಿತು. ಸೀಟು ಬೆಲ್ಟಿನ ತುದಿ ಪಟಪಟ ಬಡಿದುಕೊಂಡಿತು. ಅಪ್ಪ ತಲೆ ಓರೆ ಮಾಡಿ ಕೇಳಿಸಿಕೊಂಡರು.

"ಎಂಬತ್ತು," ಎಂದರು.

ಮೀಟರು ನೋಡಿದೆ. ಎಂಬತ್ತೆರಡು.

"ಇನ್ನಷ್ಟು ಒತ್ತು." ಒತ್ತಿದೆ. ಗಾಳಿಯ ದನಿ ಬದಲಾಯಿತು. "ಈಗ ತೊಂಬತ್ತೈದು."

ಸರಿಯಾಗಿತ್ತು. ಚಿಕ್ಕವಳಿದ್ದಾಗ ಟೆಂಪೊದಲ್ಲಿ ಅವರು ಹೇಳುತ್ತಿದ್ದುದೂ ಸರಿಯೇ ಇದ್ದಿರಬೇಕು.

ನೂರು ಮುಟ್ಟಿದಾಗ, "ಸಾಕು, ಹಿಂಗ ಇರ್ಲಿ," ಎಂದರು. ಹಾಗೇ ಬಹಳ ದೂರ ಹೋದೆವು. ಹೊಸ ಅಂಗಿ ಗಾಳಿಗೆ ಉಬ್ಬಿತ್ತು. ಅವರ ಬಲಗಾಲು ತನ್ನಷ್ಟಕ್ಕೆ ಕೆಳಗಿನ ಹಾಸನ್ನು ಒತ್ತುತ್ತಿತ್ತು. ಆಮೇಲೆ ಕಣ್ಣಿಗೆ ಧೂಳು ಬಿದ್ದು ನೀರು ಬಂತು. ಹನಿ ಹಾಕುವ ಹೊತ್ತೂ ಆಗಿತ್ತು. ಕಿಟಕಿ ಏರಿಸಿ ತಿರುಗಿದೆವು.

ಬರುವಾಗ ಹಗರಿಬೊಮ್ಮನಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅಂಗಡಿಯವನು ಲೋಟ ಕೊಡುತ್ತ, "ಹೆಂಗೈತ್ರಿ ಗಾಡಿ? ಒಳಗ ಗಟ್ಟಿ ಇಲ್ಲ ಅಂತಾರ," ಎಂದ.

ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಚಲೋ ಐತಪ್ಪ," ಎಂದರು. "ಕಿಡಕಿ ತೆಗದು ಕುಂಡ್ರಬೇಕು ಅಷ್ಟ."